ಕಾರಯ್ಯನ ಮಕ್ಕಳು

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟವನ್ನೇರುವ ಯಾತ್ರಿಕನಿಗೆ, ಸಂಸ್ಕೃತದಲ್ಲಿ ಶ್ವೇತಾದ್ರಿಯೆಂದು ಕೀರ್ತಿತವಾದ ಆ ಗಿರಿಯ ಕಡಿದಾದ ಬಿಳಿಯ ಬಂಡೆ ಮೊದಲು ಕಣ್ಣಿಗೆ ಬೀಳುವುದು. ಆ ಬಿಳುಪಿನ ನೆತ್ತಿಯ ಮೇಲೆ ನೆಲೆಸಿದ ದೇವ ರಂಗಪ್ಪನಾದರೋ ನೀಲಮೇಘಶ್ಯಾಮನು. ಆತನು ಒಲಿದು ವರಿಸಿದ ಕುಸುಮಾಲೆ, ಆ ಕಾಡಿನ ಬುಡಕಟ್ಟಿನವರಾದ ಸೋಲಿಗರ ಮನೆಯ ಹೆಣ್ಣುಮಗಳು. ಆದ್ದರಿಂದಲೇ ಸೋಲಿಗರು ರಂಗಪ್ಪನನ್ನು ಸ್ವಾಮಿಯೆಂದು ಕರೆಯುವುದಕ್ಕಿಂತ ಮಿಗಿಲಾದ ಸಲಿಗೆಯಿಂದ ‘ಭಾವ’ನೆಂದು ಕರೆಯುತ್ತಾರೆ.

ಈ ಜನರ ಕುಲಕಥನದಲ್ಲಿ ಕಾರಯ್ಯ, ಬಿಲ್ಲಯ್ಯರೆಂಬ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಬಿಲ್ಲಯ್ಯನೆಂದರೆ ಮಾದೇಶ್ವರನೇ, ಆತನಿಂದ ಶಿವಾಚಾರದವರೂ ಕಾರಯ್ಯನಿಂದ ಸೋಲಿಗರೂ ಊರಾಳಿಗಳೂ ಹುಟ್ಟಿದರೆಂಬುದು ಐತಿಹ್ಯ. ಪಡುವಣ ಬೆಟ್ಟದ ರಂಗಪ್ಪನೊಡನೆ ಹೆಣ್ಣು ಕೊಟ್ಟ ನಂಟು, ಹನೂರಿನ ಕಡೆಯ ಮೂಡಣ ಬೆಟ್ಟದ ಮಾದೇಶ್ವರನೊಡನೆ ಒಡಹುಟ್ಟಿದ ನಂಟು! ‘ಕಾರ್’ ಎಂದರೆ ಕಪ್ಪು, ಮಳೆಯ ಮೋಡ, ಮುಂಗಾರು. ಮೂಲಪುರುಷನ ಹೆಸರಿನಲ್ಲಿ ಈ ಬಣ್ಣದ ನೆರಳನ್ನು ಕಾಣುವುದು ನನ್ನ ಊಹೆಯೇ ಇರಬಹುದು. ಆದರೆ ಆ ಕಥನದಲ್ಲಿ ಅದು ಕುಂದಿನ ಗುರುತಲ್ಲ, ಬಂಧುತ್ವದ ಹೆಸರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹೆಸರಾಗಿದ್ದುದು ಅಳತೆಯಾದುದು ಹೊರಗಿನವರ ಬರವಣಿಗೆಯಿಂದ. 1799ರಲ್ಲಿ ಟಿಪ್ಪುವಿನ ಪತನವಾದ ಮರುವರ್ಷವೇ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಸೋಲಿಗರು ಬೆಂಕಿಯ ಸುತ್ತ ಬಾಳೆಯೆಲೆಗಳನ್ನು ಹಾಸಿ ಹೊದ್ದು ಮಲಗುವ ಬಡತನವನ್ನು ಬರೆದಿಟ್ಟನು. ಆಗಿನ್ನೂ ಕೈಯಲ್ಲಿ ಅಳತೆಗೋಲಿರಲಿಲ್ಲ. ಅನಂತರ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಮೈಸೂರಿನಲ್ಲಿಯೇ ಉಳಿಯಿತು. ನೆರೆಯ ಕೊಳ್ಳೇಗಾಲವಾದರೋ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರ ಏಕೀಕರಣದವರೆಗೂ ಮದರಾಸಿನ ಆಡಳಿತಕ್ಕೊಳಪಟ್ಟಿದ್ದಿತು. ಆ ಮದರಾಸಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟಗಳಾಗಿ ಹೊರತಂದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ, ಕಾರಯ್ಯ ಬಿಲ್ಲಯ್ಯರ ಕಥೆಯೂ, ಮೂಗಿನ ಅಗಲ ಉದ್ದಗಳನ್ನು ಅಳೆದು ಮನುಷ್ಯರನ್ನು ಮೇಲುಕೀಳಾಗಿ ಜೋಡಿಸುವ ಕೋಷ್ಟಕಗಳೂ ಒಂದೇ ರಟ್ಟಿನೊಳಗೆ ಸೇರಿಕೊಂಡವು. ಕಥೆಯನ್ನು ಕಾಪಾಡಿದ ಆ ಪುಸ್ತಕಕ್ಕೆ ನಾವು ಋಣಿಗಳೇ. ಆದರೆ ಕಥೆ ಹೇಳಿದವನ ಮುಖಕ್ಕೆ ಕೈವಾರವನ್ನು ಹಿಡಿದ ಆ ವಿದ್ವತ್ತನ್ನು ನೆನೆದಾಗ ಮನಸ್ಸು ನೋಯುತ್ತದೆ.

ಪರರನ್ನು ಮಾತ್ರ ದೂರಿ ಫಲವೇನು? ಶ್ಯಾಮಲಾಂಗನೆಂದು ದೇವರನ್ನು ಕೊಂಡಾಡುವ ನಾಲಗೆಯೇ, ಕನ್ಯೆಯನ್ನು ನೋಡಿ ಬಂದು, ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎನ್ನುವುದು. ಆ ‘ಆದರೂ’ ಎಂಬ ಒಂದು ಅವ್ಯಯದೊಳಗೆ ಎಷ್ಟು ತಲೆಮಾರುಗಳ ತಿರಸ್ಕಾರ ಅಡಗಿದೆ! 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಲೇಪ ಆ ಅವ್ಯಯವನ್ನೇ ವ್ಯಾಪಾರ ಮಾಡಿತು. 2020ರಲ್ಲಿ ಅದರ ಹೆಸರಿನಿಂದ ‘ಫೇರ್’ ಎಂಬ ಮಾತು ಕಳಚಿತು. ನಮ್ಮ ಚಲನಚಿತ್ರಗಳಲ್ಲಿ ಕಾಡುಜನರೆಂದರೆ ಬಹುಕಾಲ ಮೈಗೆ ಮಸಿ ಬಳಿದು, ತಲೆಗೆ ಗರಿ ಸಿಕ್ಕಿಸಿ, ಅರ್ಥವಿಲ್ಲದ ಕೂಗು ಹಾಕಿ ಕುಣಿಯುವವರೇ. ಕನ್ನಡದ ಒಡಹುಟ್ಟಾದ ನುಡಿಯನ್ನಾಡುವ, ಗೊರುಕನ ಹಾಡಿ ರೊಟ್ಟಿಹಬ್ಬ ಮಾಡುವ ಸೋಲಿಗನು ಆ ತೆರೆಯ ಮೇಲೆ ತನ್ನನ್ನು ಎಲ್ಲಿ ಹುಡುಕಬೇಕು?

ಉತ್ತರ ಕನ್ನಡದ ಸಿದ್ದಿಗಳ ಪಾಡು ಇದಕ್ಕಿಂತ ಕಠಿನವಾದುದು. ಪೋರ್ಚುಗೀಸರ ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡು ಯಲ್ಲಾಪುರ ಹಳಿಯಾಳಗಳ ಕಾಡು ಸೇರಿದ ಆಫ್ರಿಕದ ಸಂತತಿಯವರು, ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡಿದರೂ, ಬಸ್ಸಿನಲ್ಲಿ ‘ಯಾವ ದೇಶ?’ ಎಂಬ ಪ್ರಶ್ನೆಯಿಂದ ಬಿಡುಗಡೆ ಪಡೆದಿಲ್ಲ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಅದೇ ವರ್ಷ ಮೆಕ್ಸಿಕೋ ದೇಶದ ಜನಗಣತಿಯು, ಶತಮಾನಗಳಿಂದ ಅಲ್ಲಿ ಬಾಳುತ್ತಿರುವ ಆಫ್ರಿಕಮೂಲದವರನ್ನು ‘ನೀವು ನಿಮ್ಮನ್ನು ಹಾಗೆ ಎಣಿಸಿಕೊಳ್ಳುವಿರಾ’ ಎಂದು ಮೊಟ್ಟಮೊದಲು ಕೇಳಿ ಎಣಿಸಿತೆಂಬುದನ್ನು ಓದಿದಾಗ, ಸಾಗರಾಂತರದ ಆ ಜನ ನನಗೆ ದೂರದವರೆನಿಸಲಿಲ್ಲ.

ಬಿಳಿಗಿರಿಯ ಕಾಡು 1974ರಲ್ಲಿ ಅಭಯಾರಣ್ಯವಾದಾಗ, ಅದರೊಳಗಿನ ಪೋಡುಗಳೆಂಬ ಹಾಡಿಗಳಿಂದ ಸೋಲಿಗರನ್ನು ಹೊರಗೆ ತಂದು ನೆಲೆಗೊಳಿಸಲಾಯಿತು. 2011ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಣೆಯಾದ ವರ್ಷವೇ ಅರಣ್ಯದ ಮೇಲಣ ಅವರ ಸಾಮುದಾಯಿಕ ಹಕ್ಕುಗಳಿಗೂ ಮನ್ನಣೆ ಬಂದಿತು. ಈ ನಡುವೆ ಹಿರಿಯ ಸೋಲಿಗರು ಸಂಶೋಧಕರ ಜೊತೆಯಲ್ಲಿ ಕಾಡೆಲ್ಲ ನಡೆದು, ತಮ್ಮ ಪವಿತ್ರ ನೆಲೆಗಳ ನಕ್ಷೆಯೊಂದನ್ನು ಬರೆಯಿಸಿದರು. ಕುಲಕುಲದ ನೆಲದ ಮೇರೆಯಾದ ‘ಯೆಲ್ಲೆ’ಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದನ್ನೂ ಅವರು ಬೆರಳಿಟ್ಟು ತೋರಿಸಿದರು, ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಮರವನ್ನೂ ತೋರಿಸಿದರು. ಶತಮಾನದ ಹಿಂದೆ ಅಳೆಸಿಕೊಂಡವರ ಮೊಮ್ಮಕ್ಕಳು ಈ ಬಾರಿ ಮುಂದೆ ನಡೆಯುತ್ತಿದ್ದರು. ಕಾಗದ ಹಿಡಿದವರು ಅವರ ಹಿಂದೆ ಬರುತ್ತಿದ್ದರು.