ಅಡೂರ್ ಗೋಪಾಲಕೃಷ್ಣನ್ ಮತ್ತು ಚಿತ್ರಲೇಖ: ತಿರುವನಂತಪುರದ ಒಂದು ಚಿತ್ರಪರಂಪರೆ

ಅಡೂರ್ ಗೋಪಾಲಕೃಷ್ಣನ್ 1972ರಿಂದ 2016ರವರೆಗೆ ನಿರ್ದೇಶಿಸಿದ ಕಥಾಚಿತ್ರಗಳು ಹನ್ನೆರಡು. ನಲವತ್ತನಾಲ್ಕು ವರ್ಷಗಳಿಗೆ ಇದು ಸಣ್ಣ ಸಂಖ್ಯೆ. ಆದರೂ ಮಲಯಾಳ ಚಿತ್ರರಂಗದ ಚರಿತ್ರೆಯಲ್ಲಿ ಅವರಷ್ಟು ಆಳವಾದ ಗುರುತು ಬಿಟ್ಟವರು ವಿರಳ. ಅದಕ್ಕೆ ಅವರ ಚಿತ್ರಗಳ ಗುಣ ಒಂದು ಕಾರಣವಾದರೆ, ಚಿತ್ರ ತೆಗೆಯುವ ಮೊದಲೇ ಚಿತ್ರ ನೋಡುವವರ ಕೂಟವನ್ನೂ ಚಿತ್ರ ತೆಗೆಯುವವರ ಸಹಕಾರ ಸಂಘವನ್ನೂ ಗೆಳೆಯರೊಡನೆ ತಿರುವನಂತಪುರದಲ್ಲಿ ಕಟ್ಟಿದ್ದು ಇನ್ನೊಂದು ಕಾರಣ. ಅವರ ವೃತ್ತಿಜೀವನ ಈ ಎರಡು ಸಂಸ್ಥೆಗಳ ತಳಹದಿಯ ಮೇಲೆ ನಿಂತಿದೆ.

ಕೇರಳದಲ್ಲಿ ಚಿತ್ರನಿರ್ಮಾಣ ಶುರುವಾದದ್ದು ತಿರುವನಂತಪುರದಲ್ಲೇ. 1920ರ ದಶಕದಲ್ಲಿ ಜೆ. ಸಿ. ಡೇನಿಯಲ್ ತಮ್ಮ ಆಸ್ತಿ ಮಾರಿ ಟ್ರಾವಂಕೂರ್ ನ್ಯಾಷನಲ್ ಪಿಕ್ಚರ್ಸ್ ಎಂಬ ಸಂಸ್ಥೆ ತೆರೆದು, ‘ವಿಗತಕುಮಾರನ್’ ಎಂಬ ಮೂಕಿಚಿತ್ರವನ್ನು ತಾವೇ ನಿರ್ದೇಶಿಸಿ, ತಾವೇ ನಟಿಸಿದರು. ದಲಿತ ಸಮುದಾಯದ ಪಿ. ಕೆ. ರೋಸಿ ಅದರಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ್ದನ್ನು ಸಹಿಸದ ಮೇಲ್ಜಾತಿಯ ಪ್ರೇಕ್ಷಕರು ಗಲಭೆ ಎಬ್ಬಿಸಿದರು. ರೋಸಿ ಊರು ಬಿಟ್ಟು ಓಡಬೇಕಾಯಿತು. ಡೇನಿಯಲ್ ಸಾಲದಲ್ಲಿ ಮುಳುಗಿದರು, ಇನ್ನೊಂದು ಚಿತ್ರ ಮಾಡಲಿಲ್ಲ. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ 1938ರಲ್ಲಿ ತೆರೆಕಂಡಾಗ ಅದನ್ನು ನಿರ್ಮಿಸಿದ್ದು ಸೇಲಂನ ಮಾಡರ್ನ್ ಥಿಯೇಟರ್ಸ್. ಮುಂದೆ 1947ರಲ್ಲಿ ಆಲಪ್ಪುಳದಲ್ಲಿ ಕುಂಚಾಕೊ ಅವರ ಉದಯ ಸ್ಟುಡಿಯೋ, 1951ರಲ್ಲಿ ತಿರುವನಂತಪುರದ ನೇಮಂನಲ್ಲಿ ಪಿ. ಸುಬ್ರಹ್ಮಣ್ಯಂ ಅವರ ಮೆರಿಲ್ಯಾಂಡ್ ಸ್ಟುಡಿಯೋ ಬಂದವು. ಹೀಗಿದ್ದರೂ ಸ್ಟುಡಿಯೋ, ಲ್ಯಾಬ್, ತಂತ್ರಜ್ಞರು, ನಟರು ಎಲ್ಲದಕ್ಕೂ ಮಲಯಾಳ ಚಿತ್ರರಂಗ ಬಹುಕಾಲ ಮದ್ರಾಸನ್ನೇ ನೆಚ್ಚಿಕೊಂಡಿತ್ತು. ಕನ್ನಡ ಚಿತ್ರರಂಗದ ಕಥೆಯೂ ಆಗ ಇದೇ ಆಗಿತ್ತು.

ಗೋಪಾಲಕೃಷ್ಣನ್ ಹುಟ್ಟಿದ್ದು 1941ರ ಜುಲೈ 3ರಂದು, ತಿರುವಾಂಕೂರು ಸಂಸ್ಥಾನದ ಅಡೂರು ಪಟ್ಟಣದ ಬಳಿ. ಕಥಕಳಿಗೆ ಆಶ್ರಯ ಕೊಟ್ಟ ಮನೆತನ ಅವರದು. ಎಂಟನೆಯ ವಯಸ್ಸಿಗೇ ಹವ್ಯಾಸಿ ನಾಟಕಗಳಲ್ಲಿ ಬಣ್ಣ ಹಚ್ಚಿದರು. ಮುಂದೆ ನಾಟಕ ಬರೆದರು, ಆಡಿಸಿದರು. ದಿಂಡಿಗಲ್ ಬಳಿಯ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆಯಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಾರ್ವಜನಿಕ ಆಡಳಿತ ಓದಿ 1961ರಲ್ಲಿ ಪದವಿ ಪಡೆದರು. ಕೆಲಕಾಲ ಸರ್ಕಾರಿ ನೌಕರಿ ಮಾಡಿ, 1962ರಲ್ಲಿ ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಹಳೆಯ ಪ್ರಭಾತ್ ಸ್ಟುಡಿಯೋ ಆವರಣದಲ್ಲಿ ಆ ಸಂಸ್ಥೆ ಶುರುವಾಗಿ ಆಗ ಎರಡೇ ವರ್ಷವಾಗಿತ್ತು. ಚಿತ್ರಕಥೆ ಬರೆಯುವುದನ್ನು ಕಲಿತರೆ ನಾಟಕಕ್ಕೂ ಉಪಯೋಗವಾದೀತೆಂದು ಹೋದ ಹುಡುಗ ಅಲ್ಲಿ ಸಿನಿಮಾಕ್ಕೇ ಒಲಿದ. ಋತ್ವಿಕ್ ಘಟಕ್ ಅಲ್ಲಿ ಅವರ ಅಧ್ಯಾಪಕರಲ್ಲಿ ಒಬ್ಬರು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡುವ ಅವಕಾಶ ಸಿಕ್ಕಿದ್ದೂ ಅಲ್ಲೇ.

1965ರಲ್ಲಿ ಕೋರ್ಸು ಮುಗಿಸಿ ತಿರುವನಂತಪುರಕ್ಕೆ ಮರಳಿದಾಗ ಅವರ ಮುಂದೆ ಎರಡು ದಾರಿಗಳಿದ್ದವು. ಮದ್ರಾಸಿಗೆ ಹೋಗಿ ಯಾರಾದರೂ ನಿರ್ದೇಶಕರ ಬಳಿ ಸಹಾಯಕನಾಗಿ ಸೇರಿ, ನಿರ್ಮಾಪಕ ಸಿಗುವವರೆಗೆ ಕಾಯುವುದು ರೂಢಿಯ ದಾರಿ. ಗೋಪಾಲಕೃಷ್ಣನ್ ಮತ್ತು ಕುಳತ್ತೂರ್ ಭಾಸ್ಕರನ್ ನಾಯರ್ ಮೊದಲಾದ ಗೆಳೆಯರು ಇನ್ನೊಂದು ದಾರಿ ಹಿಡಿದರು. ಅದೇ ವರ್ಷ ‘ಚಿತ್ರಲೇಖ’ ಹುಟ್ಟಿತು. ಅದರ ಒಂದು ಅಂಗ ಕೇರಳದ ಮೊದಲ ಫಿಲ್ಮ್ ಸೊಸೈಟಿ. ಇನ್ನೊಂದು ಅಂಗ ಚಿತ್ರ ನಿರ್ಮಿಸುವ ಸಹಕಾರ ಸಂಘ, ಈ ಬಗೆಯದರಲ್ಲಿ ದೇಶಕ್ಕೇ ಮೊದಲನೆಯದು.

ಇದರ ಹಿಂದಿನ ಆಲೋಚನೆ ಸರಳವಾಗಿತ್ತು. ಹಾಡು, ಕುಣಿತ, ಹೊಡೆದಾಟದ ಸೂತ್ರಕ್ಕೆ ಒಗ್ಗಿದ ಮಾರುಕಟ್ಟೆಯಲ್ಲಿ ಬೇರೆ ರೀತಿಯ ಚಿತ್ರ ತಂದರೆ ನೋಡುವವರು ಯಾರು? ಅಂಥ ಪ್ರೇಕ್ಷಕರನ್ನು ಬೆಳೆಸಬೇಕಾದರೆ ಅವರಿಗೆ ಒಳ್ಳೆಯ ಚಿತ್ರಗಳು ಕಣ್ಣಿಗೆ ಬೀಳಬೇಕು. ಸದಸ್ಯರು ಚಂದಾ ಕೊಟ್ಟು, ಹೊರಗಿನಿಂದ ರೀಲು ಡಬ್ಬಿಗಳನ್ನು ತರಿಸಿ, ಚಿತ್ರ ನೋಡಿ ಚರ್ಚಿಸುವ ಪದ್ಧತಿ ಹೀಗೆ ಬೇರೂರಿತು. ಮುಂದಿನ ವರ್ಷಗಳಲ್ಲಿ ಕೊಚ್ಚಿ, ಕೋಳಿಕ್ಕೋಡು, ಕೊಲ್ಲಂಗಳಲ್ಲಷ್ಟೇ ಅಲ್ಲದೆ ಸಣ್ಣ ಊರುಗಳಲ್ಲೂ ಚಿತ್ರಸಮಾಜಗಳು ಎದ್ದವು. ಕರ್ನಾಟಕದಲ್ಲಿ 1971ರಲ್ಲಿ ಬೆಂಗಳೂರಿನ ಸುಚಿತ್ರ, 1973ರಲ್ಲಿ ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಹುಟ್ಟಿದ್ದೂ ಇದೇ ಹುರುಪಿನ ಕಾಲದಲ್ಲಿ.

ಸಹಕಾರ ಸಂಘದ ಹಾದಿ ಇನ್ನೂ ಕಷ್ಟದ್ದು. ಕಥಾಚಿತ್ರಕ್ಕೆ ಹಣ ಒದಗುವವರೆಗೆ ಸಂಘ ಸಾಕ್ಷ್ಯಚಿತ್ರಗಳನ್ನು ಮಾಡಿ ಬದುಕಿತು. ಮೊದಲು ಕೈಹಾಕಿದ ಕಥಾಚಿತ್ರ ನಡುವೆಯೇ ನಿಂತುಹೋಯಿತು. ಪುಣೆಯಿಂದ ಬಂದು ಏಳು ವರ್ಷಗಳಾದ ಮೇಲೆ, ಕೇಂದ್ರ ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಾಲ ಪಡೆದು ‘ಸ್ವಯಂವರಂ’ ತಯಾರಾಯಿತು. 1972ರ ನವೆಂಬರಿನಲ್ಲಿ ಅದು ತೆರೆಕಂಡಿತು.

ಮನೆಯವರ ಒಪ್ಪಿಗೆಯಿಲ್ಲದೆ ಜೊತೆಯಾದ ವಿಶ್ವಂ ಮತ್ತು ಸೀತ ಹೊಸ ಊರಿನಲ್ಲಿ ಬಾಳು ಕಟ್ಟಲು ಹೆಣಗುವ ಕಥೆ ಅದು. ಚಿತ್ರ ಶುರುವಾಗುವುದೇ ಉದ್ದನೆಯ ಬಸ್ ಪ್ರಯಾಣದಿಂದ. ಮಾತು ಹೆಚ್ಚುಕಡಿಮೆ ಇಲ್ಲ. ಇಬ್ಬರ ಮುಖ, ಕಿಟಕಿಯಾಚೆ ಸರಿಯುವ ದಾರಿ, ಇಳಿದು ಹತ್ತುವ ಜನ. ಅವರ ಹೆದರಿಕೆ, ಆಸೆ ಎರಡನ್ನೂ ಪ್ರೇಕ್ಷಕ ತಾನೇ ಓದಿಕೊಳ್ಳಬೇಕು. ಬರಹಗಾರನಾಗಬೇಕೆಂದಿದ್ದ ವಿಶ್ವಂ ಟ್ಯುಟೋರಿಯಲ್ ಕಾಲೇಜಿನ ಮೇಷ್ಟ್ರಾಗಿ, ಆಮೇಲೆ ಮರ ಕೊಯ್ಯುವ ಮಿಲ್ಲಿನಲ್ಲಿ ಗುಮಾಸ್ತನಾಗಿ ಇಳಿಯುತ್ತ ಹೋಗುತ್ತಾನೆ. ಮಿಲ್ಲಿನಲ್ಲಿ ಅವನಿಗೆ ಸಿಕ್ಕ ಕೆಲಸ ಇನ್ನೊಬ್ಬನನ್ನು ತೆಗೆದುಹಾಕಿದ್ದರಿಂದ ತೆರವಾದದ್ದು. ಚಿತ್ರದಲ್ಲಿ ಹಾಡುಗಳಿಲ್ಲ. ಹೊರಾಂಗಣದ ನಿಜವಾದ ಸದ್ದುಗಳಿಗೆ ಮಾತಿನಷ್ಟೇ ಬೆಲೆ ಕೊಡಲಾಗಿದೆ. ಆಗ ಹೆಸರು ಮಾಡಿದ್ದ ಮಧು ಮತ್ತು ಶಾರದಾ ನಟಿಸಿದರು. ಮಂಕಡ ರವಿವರ್ಮ ಛಾಯಾಗ್ರಹಣ ಮಾಡಿದರು, ಎಂ. ಬಿ. ಶ್ರೀನಿವಾಸನ್ ಸಂಗೀತ ಕೊಟ್ಟರು. ಚಿತ್ರಕಥೆಯಲ್ಲಿ ಕೆ. ಪಿ. ಕುಮಾರನ್ ಕೈಜೋಡಿಸಿದ್ದರು. ಮೊದಲ ಬಿಡುಗಡೆಯಲ್ಲಿ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಅತ್ಯುತ್ತಮ ಚಿತ್ರ, ನಿರ್ದೇಶನ, ನಟಿ ಮತ್ತು ಕಪ್ಪುಬಿಳುಪು ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿಗಳು ಬಂದ ಮೇಲೆ ಮತ್ತೆ ತೆರೆಕಂಡಾಗ ಜನ ಬಂದರು. ಎರಡು ವರ್ಷ ಮೊದಲು ಕನ್ನಡದ ‘ಸಂಸ್ಕಾರ’ಕ್ಕೆ ದೊರೆತಿದ್ದ ಮನ್ನಣೆ ಈಗ ತಿರುವನಂತಪುರದ ಸಹಕಾರ ಸಂಘವೊಂದಕ್ಕೆ ದಕ್ಕಿತು.

ಎರಡನೆಯ ಚಿತ್ರ ‘ಕೊಡಿಯೇಟ್ಟಂ’. ಹಬ್ಬ, ಜಾತ್ರೆ, ಆನೆ ಮೆರವಣಿಗೆಗಳ ಹಿಂದೆ ಅಲೆಯುವ ಹೊಣೆಗೇಡಿ ಶಂಕರನ್‌ಕುಟ್ಟಿ ನಿಧಾನವಾಗಿ ಗಂಡಸಾಗಿ, ಗಂಡನಾಗಿ, ತಂದೆಯಾಗಿ ಬೆಳೆಯುವ ಕಥೆಯನ್ನು ಅದು ಹಿನ್ನೆಲೆ ಸಂಗೀತದ ನೆರವಿಲ್ಲದೆ ಹೇಳುತ್ತದೆ. ರಂಗಭೂಮಿಯಿಂದ ಬಂದ ಗೋಪಿ ಆ ಪಾತ್ರಕ್ಕೆ 1977ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. ಅದೇ ಸಾಲಿನ ಅತ್ಯುತ್ತಮ ಚಿತ್ರ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಇಬ್ಬರು ನಿರ್ದೇಶಕರೂ ಪುಣೆಯ ಒಂದೇ ಶಾಲೆಯಲ್ಲಿ ಕಲಿತವರು.

ಈ ವೇಳೆಗೆ ಚಿತ್ರಲೇಖ ತಿರುವನಂತಪುರದ ಆಕ್ಕುಳಂನಲ್ಲಿ ಸ್ವಂತ ಸ್ಟುಡಿಯೋ ಹೊಂದಿತ್ತು. ‘ಕೊಡಿಯೇಟ್ಟಂ’ ನಂತರ ಗೋಪಾಲಕೃಷ್ಣನ್ ಸಂಘದಿಂದ ಹೊರಬಂದರು. ಮುಂದಿನ ಹಂತದಲ್ಲಿ ಅವರಿಗೆ ಜೊತೆಯಾದವರು ಕೊಲ್ಲಂನ ಗೋಡಂಬಿ ಉದ್ಯಮಿ ಕೆ. ರವೀಂದ್ರನ್ ನಾಯರ್. ಜಿ. ಅರವಿಂದನ್ ಅವರ ಹಲವು ಚಿತ್ರಗಳಿಗೂ ಹಣ ಹೂಡಿದ್ದ ಈ ನಿರ್ಮಾಪಕ, ಲಾಭಕ್ಕಾಗಿ ನಿರ್ದೇಶಕನ ಕೈ ಕಟ್ಟಿದವರಲ್ಲ. ಅವರ ಜನರಲ್ ಪಿಕ್ಚರ್ಸ್‌ನಿಂದ ‘ಎಲಿಪ್ಪತ್ತಾಯಂ’, ‘ಮುಖಾಮುಖಂ’, ‘ಅನಂತರಂ’ ಬಂದವು.

1981ರ ‘ಎಲಿಪ್ಪತ್ತಾಯಂ’ ಗೋಪಾಲಕೃಷ್ಣನ್ ಅವರ ಮೊದಲ ವರ್ಣಚಿತ್ರ. ಕುಸಿಯುತ್ತಿರುವ ನಾಯರ್ ತರವಾಡಿನ (ಕೂಡುಕುಟುಂಬದ ಮನೆಯ) ಯಜಮಾನ ಉಣ್ಣಿ ಕುರ್ಚಿಯಿಂದ ಏಳಲಾರ. ಅಕ್ಕತಂಗಿಯರ ದುಡಿಮೆಯ ಮೇಲೆ ಬದುಕುತ್ತಾನೆ. ಮನೆಯಲ್ಲಿ ಇಲಿಕಾಟ. ಬೋನಿಗೆ ಬಿದ್ದ ಇಲಿಯನ್ನು ಕಿರಿಯ ತಂಗಿ ಶ್ರೀದೇವಿ ಕೆರೆಗೆ ಒಯ್ದು ಮುಳುಗಿಸುತ್ತಾಳೆ. ಈ ದೃಶ್ಯ ಚಿತ್ರದಲ್ಲಿ ಮರಳಿ ಮರಳಿ ಬಂದು, ಕೊನೆಗೆ ಉಣ್ಣಿಯನ್ನೇ ಜನ ಎತ್ತಿಕೊಂಡು ಹೋಗಿ ಅದೇ ಕೆರೆಗೆ ಎಸೆಯುವಲ್ಲಿಗೆ ಮುಟ್ಟುತ್ತದೆ. ಮೂವರು ಸೋದರಿಯರ ಉಡುಪಿನ ಬಣ್ಣವನ್ನೂ ನಿರ್ದೇಶಕರು ಸ್ವಭಾವಕ್ಕೆ ತಕ್ಕಂತೆ ಆರಿಸಿದ್ದರು: ಸವೆಯುವ ರಾಜಮ್ಮನಿಗೆ ನೀಲಿ, ಸಿಡಿದು ಹೊರಡುವ ಶ್ರೀದೇವಿಗೆ ಕೆಂಪು, ಪಾಲು ಕೇಳುವ ಜಾನಮ್ಮನಿಗೆ ಹಸಿರು. ಭೂಸುಧಾರಣೆಯ ನಂತರ ಕೇರಳದ ಜಮೀನ್ದಾರಿ ಮನೆಗಳಲ್ಲಿ ಏನಾಯಿತೆಂಬುದನ್ನು ಇಷ್ಟು ಬಿಗಿಯಾಗಿ ತೋರಿಸಿದ ಚಿತ್ರ ಬೇರೆಯಿಲ್ಲ. ಕ್ಯಾನ್ ಉತ್ಸವದಲ್ಲಿ ಪ್ರದರ್ಶನಗೊಂಡ ಈ ಚಿತ್ರಕ್ಕೆ 1982ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸದರ್ಲ್ಯಾಂಡ್ ಟ್ರೋಫಿ ಸಿಕ್ಕಿತು. ಭಾರತೀಯರಲ್ಲಿ ಅದಕ್ಕೆ ಮೊದಲು ಅದು ಸಂದಿದ್ದು ಸತ್ಯಜಿತ್ ರಾಯ್ ಅವರ ‘ಅಪುರ್ ಸಂಸಾರ್’ಗೆ.

1984ರ ‘ಮುಖಾಮುಖಂ’ ಕಮ್ಯುನಿಸ್ಟ್ ಚಳವಳಿಯ ನಾಯಕನೊಬ್ಬನ ಏಳುಬೀಳಿನ ಕಥೆ. ಕೇರಳದ ಎಡಪಂಥೀಯ ವಲಯದಲ್ಲಿ ದೊಡ್ಡ ವಾಗ್ವಾದ ಎಬ್ಬಿಸಿತು. ‘ಅನಂತರಂ’ ಒಬ್ಬನೇ ತರುಣ ತನ್ನ ಬದುಕನ್ನು ಎರಡು ಬಗೆಯಲ್ಲಿ ಹೇಳಿಕೊಳ್ಳುವ ಚಿತ್ರ. ವೈಕಂ ಮುಹಮ್ಮದ್ ಬಷೀರ್ ಅವರ ಕೃತಿಯನ್ನಾಧರಿಸಿದ ‘ಮದಿಲುಗಳ್’ ತಿರುವನಂತಪುರದ ಸೆಂಟ್ರಲ್ ಜೈಲಿನಲ್ಲಿ ನಡೆಯುತ್ತದೆ. ಖೈದಿ ಬಷೀರನಾಗಿ ಮಮ್ಮೂಟ್ಟಿ. ಎತ್ತರದ ಗೋಡೆಯಾಚೆ ಹೆಂಗಸರ ಜೈಲು. ಅಲ್ಲಿನ ನಾರಾಯಣಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಒಣಕಡ್ಡಿಯೊಂದು ಗೋಡೆಯ ಮೇಲೆ ಹಾರಿ ಕಂಡರೆ ಅವಳು ಬಂದಿದ್ದಾಳೆಂದು ಅರ್ಥ. ಕೆಪಿಎಸಿ ಲಲಿತಾ ಅವರ ಕಂಠದಿಂದಲೇ ಆ ಪಾತ್ರ ಪೂರ್ತಿ ಮೂಡಿದೆ. 1990ರ ವೆನಿಸ್ ಚಿತ್ರೋತ್ಸವದ ಸ್ಪರ್ಧೆಯಲ್ಲಿ ಇದು ಇತ್ತು.

ಕನ್ನಡಿಗರಿಗೆ ಅತಿ ಹತ್ತಿರದ್ದು ಪಾಲ್ ಜಕರಿಯಾ ಅವರ ಕಿರುಕಾದಂಬರಿಯಿಂದ ಮೂಡಿದ ‘ವಿಧೇಯನ್’. ಕಥೆ ನಡೆಯುವುದು ದಕ್ಷಿಣ ಕನ್ನಡದಲ್ಲಿ. ಅಧಿಕಾರ ಹೋದರೂ ದರ್ಪ ಹೋಗದ ಭಾಸ್ಕರ ಪಟೇಲರ್, ಕೇರಳದಿಂದ ಹೊಟ್ಟೆಪಾಡಿಗೆ ವಲಸೆ ಬಂದ ತೊಮ್ಮಿ ಎಂಬ ಕ್ರೈಸ್ತ ಕೂಲಿ, ಇವರಿಬ್ಬರ ನಡುವಿನ ಯಜಮಾನಿಕೆ ಮತ್ತು ಗುಲಾಮಿಕೆ ಅದರ ವಸ್ತು. ಪಟೇಲರಾಗಿ ಮಮ್ಮೂಟ್ಟಿ ಕನ್ನಡದ ಛಾಯೆಯ ಮಲಯಾಳ ಆಡುತ್ತಾರೆ, ತೊಮ್ಮಿಯಾಗಿ ಎಂ. ಆರ್. ಗೋಪಕುಮಾರ್ ನಟಿಸಿದ್ದಾರೆ. ಯಜಮಾನ ಸತ್ತ ಮೇಲೆ ತೊಮ್ಮಿ ಅವನ ಬಂದೂಕನ್ನು ನೀರಿಗೆಸೆದು ಓಡುತ್ತಾನೆ. ಕರಾವಳಿಯ ಕಲೆಯ ಪರಿಚಯ ನಿರ್ದೇಶಕರಿಗೆ ಮೊದಲೇ ಇತ್ತು: 1979ರಲ್ಲೇ ಅವರು ‘ಯಕ್ಷಗಾನ’ ಎಂಬ ಸಾಕ್ಷ್ಯಚಿತ್ರ ಮಾಡಿದ್ದರು. ಕೃಷ್ಣಾಟ್ಟಂ, ಕೂಡಿಯಾಟ್ಟಂ, ಕಥಕಳಿ ಕಲಾವಿದ ಕಲಾಮಂಡಲಂ ಗೋಪಿ ಇವರ ಕುರಿತ ಚಿತ್ರಗಳೂ ಅದೇ ಸಾಲಿನವು.

ಟೆಲಿವಿಷನ್ ಈ ಬಗೆಯ ಚಿತ್ರಗಳಿಗೆ ಹೊಸ ಪ್ರೇಕ್ಷಕರನ್ನು ತಂದಿತು. 1980ರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿಚಿತ್ರಗಳನ್ನು ದೇಶಕ್ಕೆಲ್ಲ ತೋರಿಸುತ್ತಿತ್ತು. ತಿರುವನಂತಪುರದ ದೂರದರ್ಶನ ಕೇಂದ್ರ ಮುಂದಿನ ತಲೆಮಾರಿಗೆ ತರಬೇತಿಯ ಮನೆಯೂ ಆಯಿತು. ಅಲ್ಲಿ ಕಿರುತೆರೆಗಾಗಿ ಸಾಹಿತ್ಯಕೃತಿಗಳನ್ನು ಅಳವಡಿಸುತ್ತಿದ್ದ ಶ್ಯಾಮಪ್ರಸಾದ್ ಆಮೇಲೆ ‘ಅಗ್ನಿಸಾಕ್ಷಿ’, ‘ಅಕಲೆ’, ‘ಒರೇ ಕಡಲ್’ ಚಿತ್ರಗಳ ನಿರ್ದೇಶಕರಾದರು.

ಅತ್ತ ಕೊಚ್ಚಿಯ ಕಾಕ್ಕನಾಡಿನಲ್ಲಿ ನವೋದಯ ಸ್ಟುಡಿಯೋ ತಂತ್ರಜ್ಞಾನದ ಹಾದಿ ಹಿಡಿದಿತ್ತು. ಮಲಯಾಳದ ಮೊದಲ ಸಿನಿಮಾಸ್ಕೋಪ್ ‘ತಚ್ಚೋಳಿ ಅಂಬು’ 1978ರಲ್ಲಿ, ದೇಶದ ಮೊದಲ 3ಡಿ ಚಿತ್ರ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ 1984ರಲ್ಲಿ ಆ ಸಂಸ್ಥೆಯಿಂದ ಬಂದವು. ತಿರುವನಂತಪುರದಲ್ಲಿ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ ತಿರುವಲ್ಲಂನಲ್ಲಿ ಚಿತ್ರಾಂಜಲಿ ಸ್ಟುಡಿಯೋ ತೆರೆದು, ಮದ್ರಾಸಿನ ಮೇಲಿನ ಅವಲಂಬನೆಯನ್ನು ತಗ್ಗಿಸಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ಉದ್ಯಮದ ಕೇಂದ್ರ ಕೊಚ್ಚಿಗೆ ಸರಿಯಿತು. ತಿರುವನಂತಪುರಕ್ಕೆ ಉಳಿದದ್ದು ಚಲನಚಿತ್ರ ಅಕಾಡೆಮಿ ಮತ್ತು ಕೇರಳ ಅಂತರರಾಷ್ಟ್ರೀಯ ಚಿತ್ರೋತ್ಸವ. ಪ್ರತಿ ಡಿಸೆಂಬರಿನಲ್ಲಿ ಅಲ್ಲಿ ಪರದೇಶದ ಚಿತ್ರಗಳಿಗೆ ಸಾಲುಗಟ್ಟುವ ಸಾವಿರಾರು ಜನ ಚಿತ್ರಸಮಾಜಗಳು ಬೆಳೆಸಿದ ಅಭಿರುಚಿಯ ವಾರಸುದಾರರು.

ಗೋಪಾಲಕೃಷ್ಣನ್ ಅವರ ‘ಕಥಾಪುರುಷನ್’ 1995ರ ಅತ್ಯುತ್ತಮ ಚಿತ್ರವೆನಿಸಿತು. 2002ರ ‘ನಿಳಲ್‌ಕ್ಕುತ್ತ್’ ತಿರುವಾಂಕೂರಿನ ಗಲ್ಲಿಗೇರಿಸುವವನೊಬ್ಬನ ಪಾಪಪ್ರಜ್ಞೆಯನ್ನು ಹಿಡಿಯಿತು. ತಕಳಿ ಶಿವಶಂಕರ ಪಿಳ್ಳೆಯವರ ಕಥೆಗಳ ‘ನಾಲು ಪೆಣ್ಣುಂಗಳ್’ ಅವರಿಗೆ ಐದನೆಯ ಬಾರಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದಿತು. ಹನ್ನೆರಡನೆಯ ಕಥಾಚಿತ್ರ ‘ಪಿನ್ನೆಯುಂ’ 2016ರಲ್ಲಿ ಬಂತು. 2004ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ, 2006ರಲ್ಲಿ ಪದ್ಮವಿಭೂಷಣ, ಡೇನಿಯಲ್ ಹೆಸರಿನ ರಾಜ್ಯಪ್ರಶಸ್ತಿ ಅವರಿಗೆ ಸಂದಿವೆ.

ಈ ಜೀವನದಿಂದ ಹೊರಡುವ ತೀರ್ಮಾನ ಒಂದೇ. ಒಳ್ಳೆಯ ನಿರ್ದೇಶಕ ಒಂಟಿಯಾಗಿ ಹುಟ್ಟಿಬರಬಹುದು, ಒಂಟಿಯಾಗಿ ಉಳಿಯಲಾರ. ಅವನ ಚಿತ್ರಕ್ಕೆ ಕಾಯುವ ನೂರು ಜನ ಊರಲ್ಲಿದ್ದರೆ ಹಣ ಇಂದಲ್ಲ ನಾಳೆ ಸಿಗುತ್ತದೆ. ಅವರಿಲ್ಲದಿದ್ದರೆ ಯಾವ ಸಬ್ಸಿಡಿಯೂ ಚಿತ್ರವನ್ನು ಬದುಕಿಸದು. ಕನ್ನಡದಲ್ಲಿ ಹೊಸ ಬಗೆಯ ಚಿತ್ರಗಳು ಬರುತ್ತಿಲ್ಲವೆಂದು ಕೊರಗುವವರು ತಮ್ಮ ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲಿ ಒಂದು ಚಿತ್ರಸಮಾಜ ಕಟ್ಟಿ, ತಿಂಗಳಿಗೊಂದು ಒಳ್ಳೆಯ ಚಿತ್ರ ತೋರಿಸುವುದರಿಂದ ಕೆಲಸ ಶುರು ಮಾಡಬೇಕು.