ಭಾರವಾದ ಎಣ್ಣೆ ಹಗುರವಾದ ಬಗೆ

ಕೊಳ್ಳೇಗಾಲದಿಂದ ಹನೂರನ್ನು ಹಾದು ಮಲೆ ಮಹದೇಶ್ವರನ ಬೆಟ್ಟವನ್ನೇರುವ ಬಸ್ಸಿಗೂ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗತಕ್ಕ ಬಸ್ಸಿಗೂ ಡೀಸೆಲ್ ಬೇಕು. ಈ ಸೀಮೆಯಲ್ಲಾದರೋ ಕಲ್ಲೆಣ್ಣೆಯ ಬಾವಿಗಳಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾದಾಗ ನಮ್ಮ ಬಸ್ಸುಗಳು ಬೆನ್ನಿಗೆ ಒಲೆಯನ್ನು ಕಟ್ಟಿಕೊಂಡು ಇದ್ದಿಲ ಅನಿಲದಿಂದ ಓಡಿದುವು. ಏರು ಬಂದಲ್ಲಿ ಅವುಗಳ ಬಲ ಸಾಲುತ್ತಿರಲಿಲ್ಲ.

ಎಣ್ಣೆಯಿಲ್ಲದ ನಾಡಿನ ಈ ಪಾಡು ಜರ್ಮನಿಗೂ ಇದ್ದಿತು. ಅಲ್ಲಿಯ ರಸಾಯನಜ್ಞ ಫ್ರೀಡ್ರಿಶ್ ಬರ್ಗಿಯಸನು ಕಂಡುಕೊಂಡ ಮರ್ಮವಿಷ್ಟು: ಡಾಂಬರಿನಂತಹ ಎಣ್ಣೆಯೂ ತಿಳಿಯಾದ ಪೆಟ್ರೋಲೂ ಇಂಗಾಲ ಜಲಜನಕಗಳ ಸಂಯೋಗಗಳೇ, ಭಾರವಾದುದರಲ್ಲಿ ಜಲಜನಕದ ಪಾಲು ಕಡಮೆ. ಬರಿದೆ ಕಾಯಿಸಿದರೆ ದೊಡ್ಡ ಅಣುಗಳು ಒಡೆಯುತ್ತವೆ, ಆದರೆ ಬಹುಭಾಗ ಕರಿಯಾಗಿ ಉಳಿಯುತ್ತದೆ. ಒಡೆಯುವ ಗಳಿಗೆಯಲ್ಲಿಯೇ ಜಲಜನಕವನ್ನು ಒತ್ತಿ ಸೇರಿಸಿದರೆ ತುಂಡುಗಳೆಲ್ಲ ಹಗುರವಾದ ಇಂಧನವಾಗುತ್ತವೆ. 1913ರಲ್ಲಿ ಆತನು ಇದಕ್ಕೆ ಪೇಟೆಂಟನ್ನು ಪಡೆದನು. 1927ರಲ್ಲಿ ಲೊಯಿನಾದ ಕಾರ್ಖಾನೆಯು ಕಲ್ಲಿದ್ದಲಿನಿಂದ ಪೆಟ್ರೋಲನ್ನು ತೆಗೆಯಿತು; 1931ರಲ್ಲಿ ಕಾರ್ಲ್ ಬಾಷನೊಡನೆ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಹಿಟ್ಲರನ ವಿಮಾನಗಳು ಹಾರಿದುದೂ ಇದೇ ವಿದ್ಯೆಯ ಬಲದಿಂದಲೇ ಎಂಬುದನ್ನು ಮರೆಮಾಚಲಾಗದು. 1944ರ ಮೇ ತಿಂಗಳಲ್ಲಿ ಮಿತ್ರರಾಷ್ಟ್ರಗಳು ಲೊಯಿನಾದ ಮೇಲೆ ಬಾಂಬುಗಳನ್ನು ಸುರಿಸಿದುವು.

ಯುದ್ಧಾನಂತರ ಕಲ್ಲೆಣ್ಣೆಯು ಅಗ್ಗವಾಯಿತು, ಕಲ್ಲಿದ್ದಲ ಪೆಟ್ರೋಲು ಮೂಲೆಗುಂಪಾಯಿತು. ವಿದ್ಯೆ ಮಾತ್ರ ಅಳಿಯಲಿಲ್ಲ. 1960ರ ಸುಮಾರಿಗೆ ಅಮೆರಿಕನ್ನರು ಉತ್ತಮ ವೇಗವರ್ಧಕಗಳ ನೆರವಿನಿಂದ ಅದನ್ನು ಭಾರವಾದ ಎಣ್ಣೆಗೇ ಅಳವಡಿಸಿದರು. ಇದಕ್ಕೆ ಹೈಡ್ರೊಕ್ರ್ಯಾಕಿಂಗ್ ಎಂದು ಹೆಸರು. ಭಾರತದಲ್ಲಿ ಇದು ಮೊದಲು 1993ರಲ್ಲಿ ಗುಜರಾತಿನ ಕೊಯಲಿಗೆ ಬಂದಿತು. ಕನ್ನಡನಾಡಿನಲ್ಲಿ ಮಂಗಳೂರಿನ ಸಂಸ್ಕರಣಾಗಾರದಲ್ಲಿ ನೆಲೆಗೊಂಡಿತು. ಸುಮಾರು 400 ಡಿಗ್ರಿ ಸೆಂಟಿಗ್ರೇಡ್ ಶಾಖ, ವಾಯುಮಂಡಲಕ್ಕಿಂತ ನೂರು ಮಡಿಗೂ ಮೀರಿದ ಒತ್ತಡ: ಇವುಗಳ ನಡುವೆ ವೇಗವರ್ಧಕದ ಆಮ್ಲಗುಣವು ಅಣುವನ್ನು ಒಡೆಯುತ್ತದೆ, ನಿಕಲ್ಲಿನಂತಹ ಲೋಹವು ಜಲಜನಕವನ್ನು ಕೂಡಿಸುತ್ತದೆ. ಎಣ್ಣೆಯಲ್ಲಿನ ಗಂಧಕವೂ ಜಲಜನಕವನ್ನು ಕೂಡಿ ಅನಿಲವಾಗಿ ಹೊರಬೀಳುತ್ತದೆ. ಊರಿನ ಗಾಳಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಜಲಜನಕವು ಬರುವುದೆಲ್ಲಿಂದ? ಬಹುಮಟ್ಟಿಗೆ ನೈಸರ್ಗಿಕ ಅನಿಲಕ್ಕೋ ನಾಫ್ತಾಕ್ಕೋ ಹಬೆಯನ್ನು ಹಾಯಿಸಿ. ಹಾಗೆ ಒಂದು ಕಿಲೋ ಪಡೆಯುವಾಗ ಒಂಬತ್ತು ಹತ್ತು ಕಿಲೋ ಇಂಗಾಲಾಮ್ಲವು ಆಕಾಶಕ್ಕೇರುತ್ತದೆ. ವಿದ್ಯುತ್ತಿನಿಂದ ನೀರನ್ನು ಒಡೆದೂ ಜಲಜನಕವನ್ನು ಪಡೆಯಬಹುದು. ಕೊಳ್ಳೇಗಾಲದ ಮಗ್ಗುಲಲ್ಲಿಯೇ, ಶಿವನಸಮುದ್ರದಲ್ಲಿ, 1902ರಿಂದ ಕಾವೇರಿಯು ವಿದ್ಯುತ್ತನ್ನು ಕೊಡುತ್ತಿರುವಳು. ಲೆಕ್ಕ ಹಾಕಿ ನೋಡೋಣ. ಒಂದು ಟನ್ನು ಎಣ್ಣೆಗೆ 20ರಿಂದ 30 ಕಿಲೋ ಜಲಜನಕ ಬೇಕು. ಕಿಲೋ ಒಂದಕ್ಕೆ ಸುಮಾರು 50 ಯೂನಿಟ್ ವಿದ್ಯುತ್ತು. ಅಲ್ಲಿಯ 42 ಮೆಗಾವಾಟ್ ಯಂತ್ರಗಳು ಪೂರ್ಣಬಲದಿಂದ ಒಂದು ಗಂಟೆ ತಿರುಗಿದರೆ ಒದಗುವುದು 28ರಿಂದ 42 ಟನ್ನು ಎಣ್ಣೆಗೆ ಸಾಲುವಷ್ಟು ಜಲಜನಕ. ಮಂಗಳೂರಿನಲ್ಲಿ ಸಂಸ್ಕರಿಸಬಲ್ಲ ಕಲ್ಲೆಣ್ಣೆಯಾದರೋ ವರ್ಷಕ್ಕೆ ಒಂದೂವರೆ ಕೋಟಿ ಟನ್ನು.