ಕಾರಣನ ಪಾಲು

ಕೆಲವು ವರ್ಷಗಳ ಕೆಳಗೆ ವಿರಾಜಪೇಟೆಯ ಕಡೆಯ ಒಂದು ಐನ್‌ಮನೆಯಲ್ಲಿ ‘ಕಾರಣಂಗ್ ಕೊಡ್ಪ’ ನೋಡುವ ಅವಕಾಶ ನನಗೆ ಒದಗಿತ್ತು. ಕುಲದ ಮೂಲಪುರುಷನಾದ ಕಾರಣನಿಗೆ ಎಡೆಯಿಡುವ ದಿನ ಅದು. ಬಾಳೆಯೆಲೆಯ ಮೇಲೆ ಅನ್ನ, ಕೋಳಿಯ ಸಾರು. ಪಕ್ಕದಲ್ಲಿ, ವಾಚಕರು ಮೂಗು ಮುರಿಯಬಾರದು, ಚೀಟಿ ಹಚ್ಚಿದ ವಿಸ್ಕಿ ಬಾಟಲಿ!

“ಅಜ್ಜಯ್ಯ, ನಿಮ್ಮ ಕಾರಣನ ಕಾಲದಲ್ಲಿ ವಿಸ್ಕಿ ಇತ್ತೆ?” ಎಂದೆ.

“ಎಲ್ಲಿಂದ ಬರಬೇಕು? ಆದರೆ ಬೈನೆಮರ ಹತ್ತುವವರು ಈಗ ಎಲ್ಲಿದ್ದಾರೆ?” ಎಂದರು.

ಬೈನೆ ವಿಚಿತ್ರವಾದ ಮರ. ಬಾಳಿನ ಕೊನೆಗಾಲದಲ್ಲಿ ಹೂಬಿಡುತ್ತದೆ. ಗೊಂಚಲುಗಳು ನೆತ್ತಿಯಿಂದ ಕೆಳಕ್ಕೆ ಒಂದೊಂದಾಗಿ ಮೂಡಿ, ಕಡೆಯದು ಮುಗಿದಾಗ ಮರವೂ ಮುಗಿಯುತ್ತದೆ. ಎಳೆಯ ಗೊಂಚಲನ್ನು ಕೊಯ್ದು ಮಡಕೆ ಕಟ್ಟಿದರೆ ಇಳಿಯುವ ರಸ ಬೆಳಿಗ್ಗೆ ಸಿಹಿ, ಸಂಜೆಗೆ ಅಮಲು, ಮರುದಿನ ಹುಳಿ. ಊರು ದಾಟಿ ಹೋಗಲು ಅದಕ್ಕೆ ಪುರಸೊತ್ತೇ ಇಲ್ಲ. ಬಯಲುಸೀಮೆಗೆ ಈಚಲ ಹೆಂಡ, ಕರಾವಳಿಗೆ ತೆಂಗು ತಾಳೆಗಳ ಕಳ್ಳು, ಕೊಡಗಿಗೆ ಬೈನೆ. ಮರ ಬದಲಾದಂತೆ ರುಚಿಯೂ ಬದಲು. ಸ್ಕಾಟ್ಲೆಂಡಿನವರ ಹೆಮ್ಮೆಯೂ ಇಂಥದೇ. ಐಲಾ ದ್ವೀಪದಲ್ಲಿ ಮೊಳಕೆಬಾರ್ಲಿಯನ್ನು ಜವುಗುನೆಲದ ಕರಿಮಣ್ಣು ಉರಿಸಿ ಒಣಗಿಸುವುದರಿಂದ ಅಲ್ಲಿಯ ವಿಸ್ಕಿಗೆ ಹೊಗೆಯ ವಾಸನೆ. ಸ್ಪೇ ನದಿಯ ಕಣಿವೆಯದು ಹೆಚ್ಚಾಗಿ ಮೃದು, ಹಣ್ಣಿನ ಪರಿಮಳದ್ದು.

1834ರಲ್ಲಿ ಚಿಕ್ಕವೀರರಾಜ ಪಟ್ಟ ಕಳೆದುಕೊಂಡ; 1854ರಿಂದೀಚೆಗೆ ಮಡಿಕೇರಿಯ ಸುತ್ತ ಆಂಗ್ಲರ ಕಾಫಿತೋಟಗಳೆದ್ದವು. ದೊರೆಗಳ ಬಂಗಲೆಯ ಸ್ಕಾಚು, ಫೌಜಿನ ಕ್ಯಾಂಟೀನಿನ ರಮ್ಮು, ಗುತ್ತಿಗೆದಾರರ ಸಾರಾಯಿ, ಇವುಗಳ ನಡುವೆ ಬೈನೆ ಮೂಲೆ ಸೇರಿತು. 2007ರಲ್ಲಿ ಸರ್ಕಾರ ಸಾರಾಯಿಯನ್ನೂ ನಿಲ್ಲಿಸಿತು. ಅದನ್ನು ತಪ್ಪೆನ್ನಲಾರೆ; ತೋಟದ ಲೈನುಮನೆಗಳಲ್ಲಿ ಹಾಳಾದ ಸಂಸಾರಗಳನ್ನು ಕಂಡವನು ನಾನು. ಆದರೆ ಅದರ ಜಾಗಕ್ಕೆ ಬಂದ ಅಗ್ಗದ ‘ವಿಸ್ಕಿ’ ಬಹುಮಟ್ಟಿಗೆ ಬಾರ್ಲಿಯದಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಮದ್ಯಸಾರ. ಅದಕ್ಕೆ ಯಾವ ಊರೂ ಇಲ್ಲ. ಕಾರಣನ ಮುಂದಿದ್ದದ್ದೂ ಅದೇ.

ನಮ್ಮಲ್ಲಿ ಬಾರ್ಲಿ ವಿಸ್ಕಿ ಆಗದೆಂದಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೃತ್ ಸಂಸ್ಥೆ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರಾಟಕ್ಕಿಟ್ಟದ್ದು ಗ್ಲಾಸ್ಗೋದಲ್ಲಿ! ಪೀಪಾಯಿಯಿಂದ ಆವಿಯಾಗಿ ಹೋಗುವ ಭಾಗವನ್ನು ಸ್ಕಾಟರು ‘ದೇವದೂತರ ಪಾಲು’ ಎನ್ನುತ್ತಾರೆ. ಅಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2. ಬೆಂಗಳೂರಿನ ಸೆಕೆಗೆ ಸುಮಾರು 10.

ಇದನ್ನು ಹೇಳಿದಾಗ ಅಜ್ಜಯ್ಯ ನಕ್ಕರು. “ನಮ್ಮ ಕಾರಣ ಅಷ್ಟು ಆಸೆಬುರುಕನಲ್ಲ” ಎಂದು ಎಡೆಯ ಲೋಟಕ್ಕೆ ನಾಲ್ಕು ಹನಿ ಬಿಟ್ಟು, ಹಿತ್ತಲ ಕಡೆ ಕೈ ತೋರಿದರು. ಅಲ್ಲೊಂದು ಬೈನೆ ನಿಂತಿತ್ತು. ಇನ್ನೂ ಹೂಬಿಟ್ಟಿರಲಿಲ್ಲ.